ಎಪ್ಪತ್ತರಲ್ಲಿ ನನ್ನನ್ನು ಬಿಡಿಸಿಕೊಂಡೆ

ಹೈಫಾ, ಮಾರ್ಚ್ 12, ಮಂಗಳವಾರ

ನಿದ್ದೆ ಹತ್ತಿರವೂ ಸುಳಿಯುತ್ತಿಲ್ಲ. ಎದ್ದು ಕೂತು ಬರೆಯುತ್ತಿದ್ದೇನೆ.

ಇವತ್ತು ಮೊಮ್ಮಗನನ್ನು ದೇವರಿಂದ ಬಿಡಿಸಿಕೊಳ್ಳುವ ಶಾಸ್ತ್ರ. ನಮ್ಮ ಯೆಹೂದಿಗಳಲ್ಲಿ ಚೊಚ್ಚಲ ಗಂಡುಮಗು ದೇವರದ್ದು; ಪುರೋಹಿತರಿಗೆ ಬೆಳ್ಳಿ ಕೊಟ್ಟು ತಂದೆ ಅದನ್ನು ಬಿಡಿಸಿಕೊಳ್ಳಬೇಕು. ಮಗ ಐದು ಬೆಳ್ಳಿ ನಾಣ್ಯ ಕೊಟ್ಟ. ಪುರೋಹಿತ ಓವದ್ಯ ಕೂಸನ್ನು ಅವನ ಕೈಗಿತ್ತರು. ನಾನೂ ಚೊಚ್ಚಲ ಮಗನೇ. ಆದರೆ ಸೋವಿಯತ್ ಕಾಲದ ಮಿನ್ಸ್ಕ್‌ನಲ್ಲಿ ಸರ್ಕಾರದ ಭಯ; ಇಂಥದ್ದಕ್ಕೆಲ್ಲ ಅಪ್ಪ ಹೆದರುತ್ತಿದ್ದರು, ನನಗೆ ಈ ಶಾಸ್ತ್ರ ಮಾಡಿಸಲೇ ಇಲ್ಲ. ಊಟದ ನಡುವೆ ಇದು ಬಾಯಿಂದ ಜಾರಿತು.

ಓವದ್ಯ ಚಮಚ ಕೆಳಗಿಟ್ಟರು. "ಹಂಗಾದ್ರೆ ನಿಮ್ಮನ್ನ ಯಾರೂ ಬಿಡಿಸ್ಕೊಂಡೇ ಇಲ್ಲ! ಈಗ ನೀವೇ ಬಿಡಿಸ್ಕೊಳ್ಳಿ, ಜಿನೋವಿ ತಾತ."

"ಈ ಮುದುಕನಿಗೂ ಅಷ್ಟೇ ಬೆಳ್ಳೀನಾ? ಸ್ವಲ್ಪ ಕಮ್ಮಿ ಮಾಡ್ಕೊಳ್ಳಿ ಸ್ವಾಮಿ," ಎಂದಳು ನನ್ನವಳು ಫೀರಾ. ಎಲ್ಲರೂ ಬಿದ್ದು ಬಿದ್ದು ನಕ್ಕರು.

ಆಮೇಲೆ ಅವಳೇ ಒಳಗೆ ಹೋಗಿ ತನ್ನ ತಾಯಿಯ ಬೆಳ್ಳಿ ಬಟ್ಟಲನ್ನು ತಂದಳು. ಅದನ್ನು ಅವಳು ಯಾರಿಗೂ ಮುಟ್ಟಲು ಬಿಟ್ಟವಳಲ್ಲ. "ಇದು ಇನ್ಮೇಲೆ ನಿಮ್ದು ಕಣ್ರೀ. ನಾಣ್ಯದ ಬದಲು ಇದನ್ನೇ ಕೊಡಿ ಅವ್ರಿಗೆ."

ಕೊಟ್ಟೆ. ಮಂತ್ರ ಹೇಳಿದೆ. ಓವದ್ಯ ನನ್ನ ಬೋಳು ತಲೆಯ ಮೇಲೆ ಕೈಯಿಟ್ಟು, ಕೂಸಿಗೆ ಹೇಳಿದ್ದನ್ನೇ ನನಗೂ ಹೇಳಿದರು: "ಈ ಪುಟ್ಟವನು ದೊಡ್ಡವನಾಗಲಿ."

ಈ ಸಲ ಯಾರೂ ನಗಲಿಲ್ಲ. ಅಪ್ಪಾ, ನೀನು ಅಲ್ಲಿರಬೇಕಿತ್ತು, ನೀನು ಹೆದರಿ ಬಿಟ್ಟದ್ದನ್ನು ನಾನು ಇವತ್ತು ಮಾಡಿ ಮುಗಿಸಿದೆ.