ನಿನ್ನ ಡಬ್ಬಕ್ಕೆ ನಾನು ಹಾಕದ ಬೋರ್ಡು

ಭಾವ,

ನಿನ್ನ ಮೇಲಿನ ಹೊಟ್ಟೆಕಿಚ್ಚು ನನಗಿನ್ನೂ ಹೋಗಿಲ್ಲ. ಸತ್ತವನ ಮೇಲೆ ಎಂಥದೋ ಹೊಟ್ಟೆಕಿಚ್ಚು ಅನ್ನುತ್ತೀಯೇನೋ. ಇದೆ, ಏನು ಮಾಡಲಿ?

ತಾಯಲೂರಿನಲ್ಲಿ ಕರೆಂಟು ಹೋದ ಆ ಮಧ್ಯಾಹ್ನ ನೆನಪಿದೆಯಾ? ನಮ್ಮ ಗಿರಾಕಿ ರಾಮಕ್ಕನ ಮಗಳ ಆನ್‌ಲೈನ್ ಪರೀಕ್ಷೆ ಅರ್ಧಕ್ಕೆ ನಿಂತಿತ್ತು. ನಾವಿಬ್ಬರೂ ಐಟಿಐ ಓದಿದವರೇ, ಮನೆಮನೆಗೆ ಇಂಟರ್ನೆಟ್ ಹಾಕುವವರೇ. ನಾನು ಲೈನ್‌ಮನ್‌ಗೆ ಫೋನ್ ಮಾಡುತ್ತಾ ಕೂತೆ. ನೀನು ಟೊಮೇಟೊಗೆ ಔಷಧಿ ಹೊಡೆಯುವ ಸ್ಪ್ರೇಯರ್ ಬಿಚ್ಚಿ, ಅದರ ಹನ್ನೆರಡು ವೋಲ್ಟಿನ ಬ್ಯಾಟರಿಗೆ ರೂಟರ್ ವೈರು ಸಿಕ್ಕಿಸಿದೆ. ರೂಟರಿನ ದೀಪ ಹತ್ತಿತು. "ಔಷಧಿ ಹೊಡೆಯೋದೂ ಇದೇ, ವೈಫೈ ಕೊಡೋದೂ ಇದೇ ಕಣಕ್ಕ" ಅಂದೆ ನೀನು. ಎಲ್ಲರೂ ನಕ್ಕರು, ನನ್ನೊಬ್ಬನನ್ನು ಬಿಟ್ಟು.

ಆಮೇಲೆ ಊರೂರಿಗೂ, ಅಂಥದೇ ಬ್ಯಾಟರಿ ಕೂರಿಸಿದ ನಿನ್ನ ಡಬ್ಬ. ನಮ್ಮಮ್ಮ ಕೂಡ, "ಫ್ಯಾನ್ ತಿರುಗ್ತಿಲ್ಲ, ಅಳಿಯಂದ್ರಿಗೆ ಫೋನ್ ಮಾಡೋ" ಎಂದು ನನಗೇ ಹೇಳುತ್ತಿದ್ದಳು. ಹೆತ್ತ ಮಗ ಎದುರಿಗೇ ಮುದ್ದೆ ಮುರಿಯುತ್ತಾ ಕೂತಿದ್ದೆನಲ್ಲ, ಕಾಣಲಿಲ್ಲವೇ?

ದೇವರಾಯಸಮುದ್ರದ ಒಂದು ಮನೆಯಲ್ಲಿ ನಡೆದದ್ದನ್ನು ನಿನಗೆ ಹೇಳಲೇ ಇಲ್ಲ. ಅವರು ಬ್ಯಾಟರಿಗೆ ಚಾರ್ಜರ್ ಹಾಕಿ ಹಾಗೇ ಬಿಟ್ಟಿದ್ದರು. ನಿನ್ನ ಡಬ್ಬಕ್ಕೆ ಮೀಟರ್ ಹಿಡಿದೆ, ಹದಿನಾಲ್ಕು ವೋಲ್ಟು ದಾಟಿತ್ತು. ರೂಟರ್ ಕಾದ ಹಂಚಿನ ಹಾಗಿತ್ತು. ವೋಲ್ಟೇಜನ್ನು ಹನ್ನೆರಡಕ್ಕೇ ಹಿಡಿದಿಡುವ ಒಂದು ಸಣ್ಣ ಸರ್ಕ್ಯೂಟ್ ಬೋರ್ಡು ನಡುವೆ ಬೇಕು, ಅಷ್ಟೆ. ಒಂದು ಮಾತು ಹೇಳಿದ್ದರೆ ನೀನು ಅವತ್ತೇ ಹಾಕುತ್ತಿದ್ದೆ. ಸುಡಲಿ, ಆಗ ಜನ ನನ್ನ ಬಾಗಿಲಿಗೆ ಬರುತ್ತಾರೆ ಎಂದುಕೊಂಡು ಸುಮ್ಮನಾದೆ. ಅಷ್ಟರಲ್ಲಿ ನಿನಗೆ ಆ ಜ್ವರ...

ನಿನ್ನ ತಿಥಿ ಕಳೆದ ಮೇಲೆ ರೂಟರುಗಳು ಒಂದೊಂದಾಗಿ ಸುಡತೊಡಗಿದವು. ಜನ ನನ್ನ ಬಾಗಿಲಿಗೆ ಬಂದೇ ಬಂದರು. ಅವರ ಹಿಂದೆಯೇ ನಿನ್ನ ಹೆಂಡತಿ, ನಮ್ಮಕ್ಕನೂ ಬಂದಳು. "ನಿಮ್ಮ ಭಾವ ಮಾಡಿದ್ದೇ ತಪ್ಪಂತೆ, ಹೌದೇನೋ?" ಅಂದಳು. ಹೌದು ಅಂದುಬಿಡಬಹುದಿತ್ತು. ಎಷ್ಟು ವರ್ಷದಿಂದ ಕಾದಿದ್ದೆ ಆ ಒಂದು ಮಾತಿಗೆ...

"ಇಲ್ಲ ಕಣಕ್ಕ. ಬೋರ್ಡ್ ಹಾಕು ಅಂತ ಭಾವ ನಂಗೆ ಹೇಳಿದ್ದ. ನಾನೇ ಹಾಕ್ಲಿಲ್ಲ" ಅಂದೆ.

ಅಕ್ಕ ಅವತ್ತಿನಿಂದ ನನ್ನೊಡನೆ ಮಾತಾಡುತ್ತಿಲ್ಲ. ನಾನು ಮನೆಮನೆಗೆ ಹೋಗಿ ಬೋರ್ಡು ಹಾಕಿ ಬರುತ್ತಿದ್ದೇನೆ. ನಿನ್ನೆ ರಾಯಲ್ಪಾಡಿನಲ್ಲಿ ಒಬ್ಬ ಅಜ್ಜ ತೆಲುಗಿನಲ್ಲಿ, "ಮೀ ಬಾವ ಚಾಲಾ ತೆಲಿವೈನೋಡು" ಅಂದ. ಹೌದು, ನಮ್ಮ ಭಾವ ತುಂಬ ಬುದ್ಧಿವಂತನೇ, ಬೋರ್ಡು ಕೂಡ ಅವನದೇ ಯೋಚನೆ ಅಂದೆ. ಹೊಟ್ಟೆ ಉರಿಯಿತು ಭಾವ, ಸುಳ್ಳೇಕೆ ಹೇಳಲಿ. ಇನ್ನೂ ಹದಿನೇಳು ಮನೆ ಬಾಕಿ ಇವೆ. ಅಷ್ಟೂ ಕಡೆ ನಿನ್ನ ಹೆಸರೇ ಹೇಳುತ್ತೇನೆ, ಉರಿದುಕೊಂಡೇ ಹೇಳುತ್ತೇನೆ.