ಹಂಡ್ಯಾನ ಹಲ್ಲು

ಯಪ್ಪಾ,

ನೀನು ಬಿಟ್ಟುಹೋದ ನಾಯಿ ಹಂಡ್ಯಾ ಮೊನ್ನೆಯಿಂದ ನನ್ನ ಕಡಕ್ ರೊಟ್ಟಿ ಮೂಸಿ ಮುಖ ತಿರುಗಿಸುತ್ತಿತ್ತು. ನೀನಿದ್ದಾಗಲೇ ನಾನು ಕುರಿ ಮಾರಿದ ಸಿಟ್ಟು ನಿನ್ನಂತೆ ಅದಕ್ಕೂ ಇದೆ, ಉಪವಾಸ ಬಿದ್ದು ಸಾಯುತ್ತದೆ ಎಂದು ಹೆದರಿ ಇವತ್ತು ಹುಕ್ಕೇರಿಯ ದನದ ದವಾಖಾನೆಗೆ ಒಯ್ದೆ.

ಡಾಕ್ಟರು ಅದರ ಬಾಯಿ ತೆರೆದು ನೋಡಿ ನಕ್ಕರು. "ಏನೂ ಆಗಿಲ್ಲ ಬಿಡ್ರಿ ಅಕ್ಕಾರ. ನಾಯಿಗೆ ಹನ್ನೆರಡಂದ್ರ ನಮಗ ಎಪ್ಪತ್ತಿದ್ದಂಗ. ಹಲ್ಲು ಸವದಾವ. ರೊಟ್ಟಿ ಹಾಲಿನಾಗ ನೆನಸಿ ಹಾಕ್ರಿ."

"ಖರೇನ ಹೇಳ್ರಿ ಸಾಹೇಬ್ರ, ಸಿಟ್ಟಲ್ಲಲ್ರಿ?"

"ಮುದುಕಗ ಹಲ್ಲ ಇಲ್ಲ, ಇನ್ನ ಸಿಟ್ಟೆಲ್ಲಿಂದ ತರ್ತಾನ?"

ಮನೆಗೆ ಬಂದು ನೆನಸಿ ಇಟ್ಟೆ. ತಿಂದು ನನ್ನ ಕೈಯನ್ನೂ ನೆಕ್ಕಿತು. ಜೀವ ಹಗುರಾಯಿತು.

ನೀನೂ ಕಡೆಯ ವರ್ಷ ನನ್ನ ರೊಟ್ಟಿಯ ತಾಟು ಹಿಂದಕ್ಕೆ ಸರಿಸುತ್ತಿದ್ದೆ. ಆಗ ನಿನಗೂ ಎಪ್ಪತ್ತೇ ಆಗಿತ್ತಲ್ಲ, ಯಪ್ಪಾ?