ಎಡದಿಂದ ಮೂರನೇ ಕಂಬ

ಸಾಲ್ಫರ್ಡ್
ಸೋಮವಾರ, ಮಧ್ಯಾಹ್ನ ಒಂದೂಕಾಲು

ದೊಡ್ಡಪ್ಪನಿಗೆ ಯಶ್ಮಿತಾಳ ನಮಸ್ಕಾರ.

ನಾನು ರಿಪೇರಿ ಕೆಲಸ ಕಲಿಯುತ್ತಿರುವ ಹಳೇ ಸಭಾಭವನ ಇದೇ, ಕಾರ್ಡಿನ ಚಿತ್ರದಲ್ಲಿರುವುದು. ಕಂಬಗಳು ಗ್ರೀಕರ ಡೋರಿಕ್ ಮಾದರಿಯವು. ಮೊದಲ ದಿನ ನೋಡಿದವಳೇ, "ಕಂಬದ ನಡು ಉಬ್ಬಿದೆ, ಪೀಠ ನೆಲದೊಳಗೆ ಹೂತುಹೋಗಿದೆ, ಭಾರ ತಡೆಯುತ್ತಿಲ್ಲ" ಅಂತ ಗಾಬರಿಯಲ್ಲಿ ಹೇಳಿಬಿಟ್ಟೆ. ಎಂಜಿನಿಯರ್ ಹೆಲೆನ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಡೋರಿಕ್ ಕಂಬಕ್ಕೆ ಪೀಠವೇ ಇರುವುದಿಲ್ಲವಂತೆ, ಆ ಉಬ್ಬು ಬೇಕೆಂದೇ ಕೆತ್ತಿದ್ದಂತೆ. ಕಾರ್ಕಳದ ದೇವಸ್ಥಾನದ ಕಂಬ ನೋಡಿ ಬೆಳೆದವಳಿಗೆ ಅದು ಹೇಗೆ ಗೊತ್ತಾಗಬೇಕು?

ಇವತ್ತು ಬೆಳಿಗ್ಗೆ ನೀವು ಕೊಟ್ಟ ಸಣ್ಣ ಸುತ್ತಿಗೆಯಲ್ಲಿ, ನೀವು ಕಲಿಸಿದ ಹಾಗೆ, ಒಂದೊಂದೇ ಕಂಬ ತಟ್ಟಿ ಕೇಳಿದೆ. ಉಳಿದವೆಲ್ಲ ಗಂಟೆಯ ಹಾಗೆ ನುಡಿದವು. ಚಿತ್ರದಲ್ಲಿ ಪೆನ್ನಿನಿಂದ ಗುರುತು ಹಾಕಿದ ಮೂರನೆಯದು ಮಾತ್ರ ಮೊಣಕಾಲೆತ್ತರದಲ್ಲಿ ಒಡೆದ ಮಡಕೆಯ ಹಾಗೆ ಸದ್ದು ಮಾಡಿತು. ಹೊರಗೆ ಒಂದು ಗೆರೆಯೂ ಕಾಣುವುದಿಲ್ಲ. ಮತ್ತೆ ತಟ್ಟಿದೆ, ಅದೇ ಸದ್ದು. ಇನ್ನೊಮ್ಮೆ ನಗ್ತಾರೆ ಅಂತ ಯಾರಿಗೂ ಹೇಳಲಿಲ್ಲ. ಎರಡು ಗಂಟೆಗೆ ಮೇಲಿನ ತೊಲೆಗೆ ಕೊಟ್ಟ ಆಸರೆ ತೆಗೀತಾರೆ. ಆಮೇಲೆ ತೊಲೆಯ ಭಾರವೆಲ್ಲ ಕಂಬಗಳ ಮೇಲೇ.

ಚಳಿಗೆ ಬೆರಳು ಬಿರಿದಿದೆ, ತೆಂಗಿನೆಣ್ಣೆ ಹಚ್ಚಿದ್ದೇನೆ. ಅಮ್ಮನಿಗೆ ಕಂಬ ಚೆಂದ ಇದೆ ಅಂತಷ್ಟೇ ಹೇಳಿ.

ಆಸರೆಯ ಹತ್ತಿರ ಆಗಲೇ ಜನ ಸೇರ್ತಾ ಇದ್ದಾರೆ. ಹೆಲೆನ್ ಅದೇ ಮೂರನೇ ಕಂಬಕ್ಕೆ ಒರಗಿ ನಿಂತು ಚಹಾ ಕುಡೀತಾ ಇದ್ದಾಳೆ. ಕಾರ್ಡ್ ಆಮೇಲೆ ಅಂಚೆ ಡಬ್ಬಿಗೆ ಹಾಕ್ತೇನೆ. ನಗುವವರು ನಗಲಿ, ಮೊದಲು ಹೋಗಿ ಹೇಳ್ತೇನೆ.

ಯಶ್ಮಿ